ತಾತನ ಶಾಂತಿಗೆ ಪೇಪರ್ ಎಲೆ ಬೇಡ

ಜಯನಗರದ ದೊಡ್ಡಪ್ಪ ಬೆಳಿಗ್ಗೆ ಕಾಫಿ ಹೊತ್ತಿಗೆ ಮನೆ ಗುಂಪಿಗೆ ಹಾಕಿದ್ದು:

"ಎಚ್ಚರ! ಎಚ್ಚರ! ನೀವು ವಾರಕ್ಕೆ ಒಂದು ಎಟಿಎಂ ಕಾರ್ಡಿನಷ್ಟು ಪ್ಲಾಸ್ಟಿಕ್ ತಿನ್ನುತ್ತಿದ್ದೀರಿ! ಬೆಂಗಳೂರಿನ ಹೋಟೆಲ್ ಇಡ್ಲಿ ತಿಂದರೆ ಕ್ಯಾನ್ಸರ್ ಖಚಿತ! ಹತ್ತು ಜನರಿಗೆ ಕಳಿಸಿ, ಪ್ರಾಣ ಉಳಿಸಿ!"

ಅದರ ಕೆಳಗೆ ಅವರದೇ ಒಂದು ಸಾಲು: "ಹೊರಗಡೆ ತಿನ್ನಬೇಡಿ ಅಂತ ನಾನು ಬಡ್ಕೊಳ್ಳೋದು ಇದಕ್ಕೇ."

ಪುಟ್ಟ: ಸೋರ್ಸ್ ಕೊಡಿ ದೊಡ್ಡಪ್ಪ.

ದೊಡ್ಡಪ್ಪ: ಡಾಕ್ಟರ್ ಒಬ್ಬರು ಕಳಿಸಿದ್ದು.

ಪುಟ್ಟ: ಯಾವ ಡಾಕ್ಟರ್? ಪ್ಲಾಸ್ಟಿಕ್ ಅಕ್ಕಿ ಅಂತ ವಿಡಿಯೊ ಹಾಕಿದ್ದೂ ನೀವೇ. ಅಜ್ಜಿ ಪಾಪ ಹೆದರಿ ಅನ್ನ ಬಿಟ್ಟು ಬರೀ ರಾಗಿ ಮುದ್ದೆ ತಿಂತಿದ್ರು.

ದೊಡ್ಡಪ್ಪ: ರಾಗಿ ತಿಂದು ಅವಳ ಶುಗರ್ ಇಳೀತು. ಅದಿರಲಿ, ನಿನ್ನ ಮದುವೇಲಿ ಎಲೆಗೊಂದು ನೀರಿನ ಬಾಟ್ಲಿ ಇಡಿಸಿದ್ದು ಯಾರಪ್ಪ? ಅರ್ಧ ಕುಡಿದು ಬಿಟ್ಟ ಬಾಟ್ಲಿನೆಲ್ಲ ಮೂಟೆ ಕಟ್ಟಿದ್ದು ನಾನು.

ಪುಟ್ಟ: ಮೂಟೆ ಕಟ್ಟಿದ್ದು ಛತ್ರದ ಹುಡುಗರು.

ಮಲ್ಲೇಶ್ವರದ ಮಾವ: ನಮ್ಮ ಕಾಲದಲ್ಲಿ ಕೈಚೀಲ ಇಲ್ಲದೆ ಹೊಸಿಲು ದಾಟ್ತಿರಲಿಲ್ಲ. ಎಣ್ಣೆಗೆ ಡಬ್ಬಿ, ಮಜ್ಜಿಗೆಗೆ ತಂಬಿಗೆ. ಈಗಿನವರಿಗೆ ಎಲ್ಲದಕ್ಕೂ ಕವರ್ ಬೇಕು. ಸೋಮಾರಿತನ, ಬೇರೇನೂ ಅಲ್ಲ.

ತಿಪಟೂರು ಭಾವ: ಆಹಾ ಮಾವ! ಅಜ್ಜಿ ಮನೆ ಜಗಲಿ ನೆನಪಾಯ್ತು. ಹಬ್ಬ ಹತ್ತಿರ ಬಂದ್ರೆ ಮುತ್ತುಗದ ಎಲೆ ಹಚ್ಚೋ ಸಂಭ್ರಮ. ಆ ಎಲೆ ಮೇಲೆ ಬಿಸಿ ಹುಳಿಯನ್ನ ಬಿದ್ದಾಗ ಬರೋ ಘಮ ಈಗ ಎಲ್ಲಿ?

ಹಿಂದೆಯೇ ಹೆಂಚಿನ ಮನೆಯ ಹಳೇ ಫೋಟೊ ಬಂತು. ಫೋಟೊದಲ್ಲಿರುವ ಹಸು ಗೌರಿಯೋ ಕಪಿಲೆಯೋ ಅನ್ನೋದರ ಮೇಲೆ ಮಾತು ಬೆಳೆಯಿತು. ದೊಡ್ಡಪ್ಪ ಹಾಕಿದ್ದನ್ನು ಅಷ್ಟು ಹೊತ್ತಿಗೆ ಎಲ್ಲರೂ ಮರೆತಾಗಿತ್ತು. ನನಗೆ ಬಿಡಲಾಗಲಿಲ್ಲ. ಮುಂದಿನ ತಿಂಗಳು ತಾತನಿಗೆ ಸಹಸ್ರಚಂದ್ರ ದರ್ಶನ ಶಾಂತಿ, ಪೇಪರ್ ಎಲೆ, ಪೇಪರ್ ಲೋಟಕ್ಕೆ ದೊಡ್ಡಪ್ಪನೇ ಹೇಳಿಟ್ಟಿದ್ದಾರೆ. ಹಾಗಾಗಿ ಬರೆದೆ:

"ಎಟಿಎಂ ಕಾರ್ಡಿನ ಮಾತಿಗೆ ಮೂಲ ಇದೆ ಪುಟ್ಟ. 2019ರಲ್ಲಿ ಡಬ್ಲ್ಯುಡಬ್ಲ್ಯುಎಫ್ ಅನ್ನೋ ಪರಿಸರ ಸಂಸ್ಥೆ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಿಂದ ಮಾಡಿಸಿದ ಲೆಕ್ಕ. ಆದರೆ ಅವರ ಅಂದಾಜು ವಾರಕ್ಕೆ 0.1ರಿಂದ 5 ಗ್ರಾಂ ಅಂತ. ಮೇಲಿನ ತುದಿಯ ಐದನ್ನೇ ಹಿಡಿದು ಕಾರ್ಡ್ ಅಂದ್ರು. ಆಮೇಲೆ ಬಂದ ಲೆಕ್ಕಗಳು ಇದಕ್ಕಿಂತ ತುಂಬಾ ಕಡಿಮೆ ಹೇಳಿವೆ. ಇಡ್ಲಿ ವಿಷಯವೂ ಪೂರ್ತಿ ಸುಳ್ಳಲ್ಲ. 2025ರ ಫೆಬ್ರುವರಿಯಲ್ಲಿ ಆಹಾರ ಸುರಕ್ಷತೆಯವರು 251 ಕಡೆ ನೋಡಿದಾಗ 52 ಕಡೆ ಇಡ್ಲಿ ತಟ್ಟೆಗೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಸಿದ್ರು. ಅದನ್ನು ನಿಷೇಧಿಸ್ತೀವಿ ಅಂತ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದ್ರು. ಕ್ಯಾನ್ಸರ್ ಖಚಿತ ಅನ್ನೋದು ಮಾತ್ರ ಯಾರೋ ಸೇರಿಸಿದ್ದು. ಈಗ ನಮ್ಮನೆ ವಿಷಯ. ಪೇಪರ್ ಎಲೆಗೂ ಪೇಪರ್ ಲೋಟಕ್ಕೂ ಒಳಗಡೆ ಪ್ಲಾಸ್ಟಿಕ್ ಪದರ ಇರತ್ತೆ. 2020ರಲ್ಲಿ ಖರಗ್‌ಪುರ ಐಐಟಿಯವರು ಪೇಪರ್ ಲೋಟಕ್ಕೆ 100 ಎಂಎಲ್ ಬಿಸಿನೀರು ಹಾಕಿ ಹದಿನೈದು ನಿಮಿಷ ಬಿಟ್ರು. 25,000 ಪ್ಲಾಸ್ಟಿಕ್ ಕಣ ಸಿಕ್ತು. ಶಾಂತಿಗೆ ಇದು ಬೇಡ."

ದೊಡ್ಡಪ್ಪ: ನೋಡಿದ್ರಾ! ನಾನು ಹೇಳಿದ್ದು ನಿಜ ಅಂತ ಅವಳೇ ಒಪ್ಪಿದಳು.

ಪುಟ್ಟ: ನೀವು ಹೇಳಿದ್ದು ಸುಳ್ಳು ಅಂತ ಬರೆದಿದ್ದಾಳೆ.

ಮಾವ: ಇದನ್ನೆಲ್ಲ ಸರ್ಕಾರ ಬ್ಯಾನ್ ಮಾಡಬೇಕು. ಜನಕ್ಕೆ ಹೇಳಿ ಪ್ರಯೋಜನ ಇಲ್ಲ.

ನಾನು: ಮಾವ, ಕರ್ನಾಟಕದಲ್ಲಿ ಕ್ಯಾರಿ ಬ್ಯಾಗು, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಕ್ಕೆ 2016ರ ಮಾರ್ಚ್‌ನಲ್ಲೇ ನಿಷೇಧ ಬಂತು. 2022ರ ಜುಲೈ 1ರಿಂದ ತಟ್ಟೆ, ಲೋಟ, ಚಮಚಕ್ಕೆ ಇಡೀ ದೇಶದಲ್ಲೇ ನಿಷೇಧ. ನಿನ್ನೆ ಹೂವು ತಂದಿದ್ದು ಯಾವುದರಲ್ಲಿ?

ಮಾವ: ನಮ್ಮನೇಲಿ ಬಟ್ಟೆ ಚೀಲ ಬಿಟ್ಟು ಬೇರೆ ಇಲ್ಲ. ಗೃಹಪ್ರವೇಶದ ತಾಂಬೂಲ ಕೂಡ ಬಟ್ಟೆ ಚೀಲದಲ್ಲೇ ಕೊಟ್ಟಿದ್ದು, ಮರೆತೆಯಾ?

ಮರೆತಿರಲಿಲ್ಲ. ಸೀರೆ ಅಂಗಡಿಯಲ್ಲೂ ಸಮಾರಂಭದಲ್ಲೂ ಕೈಗೆ ಬರುವ ಆ ಬಣ್ಣಬಣ್ಣದ ಚೀಲ ಬಟ್ಟೆಯೆಂದೇ ಬೆಂಗಳೂರಿನ ಅರ್ಧ ಜನ ನಂಬಿದ್ದಾರೆ. ಅದು ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಎಳೆಗಳನ್ನು ಶಾಖದಲ್ಲಿ ಒತ್ತಿ ಮಾಡಿದ್ದು, ನೇಯ್ದಿದ್ದಲ್ಲ. ಕೆಲವು ತಿಂಗಳು ಬಿಸಿಲಿಗೆ ಇಟ್ಟರೆ ಪುಡಿಪುಡಿಯಾಗಿ ಉದುರುತ್ತೆ. ನಿಜ ಹೇಳದೆ ಇರೋದು ತಪ್ಪು ಅನ್ನಿಸಿ ಇಷ್ಟನ್ನೂ ಬರೆದೆ.

ಅತ್ತೆ: ನಾವು ಪ್ರೀತಿಯಿಂದ ಕೊಟ್ಟ ಚೀಲಕ್ಕೂ ಹೆಸರಿಟ್ಟೆಯಲ್ಲ. ನಿಮ್ಮಮ್ಮನೂ ಹೀಗೇ, ನನ್ನ ಮದುವೆ ಸೀರೆ ಅಂಚು ಜರಿಯಲ್ಲ ಅಂದಿದ್ದಳು.

ಪುಟ್ಟ: ಅತ್ತೆ ಪರ ನಾನು. ಹೊಸ ಹತ್ತಿ ಚೀಲ ಸುಮ್ಮನೆ ಬರಲ್ಲ. ಡೆನ್ಮಾರ್ಕ್ ಸರ್ಕಾರದ 2018ರ ವರದಿ ಪ್ರಕಾರ, ಹವಾಮಾನದ ಲೆಕ್ಕ ಒಂದನ್ನೇ ಹಿಡಿದ್ರೂ ಹತ್ತಿ ಚೀಲನ 52 ಸಲ ಬಳಸಬೇಕು, ಆಗ ಪ್ಲಾಸ್ಟಿಕ್ ಕವರ್‌ಗೆ ಸಮ.

ಆ ಮಾತು ಸರಿಯೇ. ಹೊಸದು ಹೊಲಿಸಿ ಮೂಲೆಗೆ ಹಾಕೋದು ಉಪಕಾರವಲ್ಲ.

ಅಷ್ಟರಲ್ಲಿ ಚಿಕ್ಕಮ್ಮನ ವಾಯ್ಸ್ ಮೆಸೇಜ್ ಬಂತು. ಗುಂಪಿನಲ್ಲಿ ಹುಟ್ಟುಹಬ್ಬದ ಶುಭಾಶಯ ಬಿಟ್ಟು ಬೇರೇನೂ ಹೇಳದವರು. ಕೇಳಿಸಿಕೊಂಡಷ್ಟನ್ನು ಬರೆಯುತ್ತೇನೆ:

"ಮುತ್ತುಗದ ಎಲೆ ಸಂಭ್ರಮ ಅಂದ್ರಲ್ಲ ಭಾವ, ಹಚ್ಚಿದ್ದು ಯಾರು? ನಾನು, ಅಕ್ಕ, ಮನೆಗೆ ಬಂದ ಸೊಸೆಯಂದಿರು. ಕಡ್ಡಿ ಚುಚ್ಚಿ ಚುಚ್ಚಿ ಬೆರಳು ತುದಿ ಉರೀತಿತ್ತು. ಮೂರು ಪಂಕ್ತಿ ಗಂಡಸರು, ಮಕ್ಕಳು ಎದ್ದು, ಅಷ್ಟೂ ಲೋಟ, ಕೊಳದಪ್ಪಲೆ ಬಾವಿ ಕಟ್ಟೇಲಿ ಉಜ್ಜಿ, ಆಮೇಲೆ ನಮ್ಮ ಊಟ. ಅನ್ನ ತಣ್ಣಗೆ. ಪೇಪರ್ ಎಲೆ, ಪೇಪರ್ ಲೋಟ ಬಂದ ಮೇಲೇ ನಾನು ಎಲ್ಲರ ಜೊತೆ ಕೂತು ಬಿಸಿ ಊಟ ಮಾಡಿದ್ದು. ಅದನ್ನ ಸೋಮಾರಿತನ ಅನ್ನಬೇಡಿ. ಈಗ ಬೇಡ ಅಂದ್ರೆ ಬೇಡ, ಸರಿ. ತೊಳೆಯೋದು ಯಾರು?"

ಬೆಳಗಿನಿಂದ ಬಂದ ಮಾತಿನಲ್ಲಿ ವಿಷಯದ ಬುಡ ಮುಟ್ಟಿದ್ದು ಇದೊಂದೇ. ಒಮ್ಮೆ ಬಳಸಿ ಎಸೆಯೋ ವಸ್ತುಗಳಿಗೆ ನಾವು ಇಷ್ಟು ಅಂಟಿಕೊಂಡಿದ್ದು ಬುದ್ಧಿ ಇಲ್ಲದೆ ಅಲ್ಲ. ತೊಳೆಯೋ ಕೆಲಸವನ್ನು ಗಂಡಸರು ಹಂಚಿಕೊಳ್ಳಲಿಲ್ಲ, ಅದಕ್ಕೆ ಕೂಲಿ ಕೊಡೋ ಮನಸ್ಸನ್ನೂ ಯಾರೂ ಮಾಡಲಿಲ್ಲ. ಹೆಂಗಸರ ಬೆನ್ನಿಂದ ಇಳಿದ ಆ ಭಾರ ಹಾಗೇ ಹೋಗಿ ಕಸ ಆರಿಸೋರ ಬೆನ್ನೇರಿತು. ನಮ್ಮ ವಾರ್ಡಿನ ಒಣ ಕಸ ಕೇಂದ್ರಕ್ಕೆ ಹೋಗಿ ನೋಡಿ. ಹಾಲಿನ ಕವರಿಗೆ ಬೆಲೆ ಇದೆ, ನೀರಿನ ಬಾಟ್ಲಿಗೆ ಬೆಲೆ ಇದೆ. ಸಾರು ಮೆತ್ತಿದ ಪೇಪರ್ ಎಲೆ, ಲೋಟ, ಚಿಪ್ಸ್ ಪೊಟ್ಟಣ ಕೊಳ್ಳುವವರಿಲ್ಲ. ಆದರೂ ಬೇರ್ಪಡಿಸೋ ಕೈ ಅದನ್ನೂ ಮುಟ್ಟಲೇಬೇಕು.

ಪುಟ್ಟನ ಹೆಂಡತಿಯೂ ಆಗ ಬರೆದಳು. ಅವಳ ತವರು ಮಂಡೂರಿನ ಹತ್ತಿರ.

"ನಾನು ಹೈಸ್ಕೂಲಲ್ಲಿದ್ದಾಗ ಊರ ಮುಂದೆ ಬೆಂಗಳೂರಿನ ಕಸದ ಲಾರಿ ಸಾಲು. ನೊಣಕ್ಕೆ ಹೆದರಿ ಅಮ್ಮ ಬಾಗಿಲು ಹಾಕ್ಕೊಂಡು ಬಡಿಸ್ತಿದ್ರು. ಊರವರು ರಸ್ತೇಲಿ ಕೂತ ಮೇಲೆ 2014ರ ಕೊನೆಗೆ ಲಾರಿ ನಿಂತ್ವು. ಕಸದ ಬೆಟ್ಟ ಮಾತ್ರ ಅಲ್ಲೇ ಉಳೀತು. ಮದುವೆ ಊಟದ ಎಲೆಗಳೂ ಅದರಲ್ಲಿ ಇದ್ದಿರಬೇಕು."

ಪುಟ್ಟ ಇದಕ್ಕೆ ಸೋರ್ಸ್ ಕೇಳಲಿಲ್ಲ.

ನಾನು ಲೆಕ್ಕ ಹಾಕಿದೆ. ಊಟಕ್ಕೆ ಬಾಳೆ ಎಲೆ, ಕೆ.ಆರ್. ಮಾರ್ಕೆಟ್‌ನಿಂದ. ಲೋಟ, ತಿಂಡಿ ತಟ್ಟೆಗೆ ಸ್ಟೀಲ್. ಅದಮ್ಯ ಚೇತನ ಸಂಸ್ಥೆಯವರ ತಟ್ಟೆ ಬ್ಯಾಂಕಿನಂಥ ಕಡೆ ಎರವಲು ಸಿಗತ್ತೆ. ತೊಳೆಯೋಕೆ ಇಬ್ಬರಿಗೆ ಪೂರ್ತಿ ದಿನದ ಕೂಲಿ, ಊಟ. ಇದು ಖರ್ಚಿನ ಪಟ್ಟಿಯಲ್ಲಿ ಪುರೋಹಿತರ ದಕ್ಷಿಣೆ ಪಕ್ಕದಲ್ಲೇ ಇರಬೇಕು. ಅವರ ಜೊತೆ ನಿಲ್ಲೋಕೆ ಮನೆ ಗಂಡಸರ ಹೆಸರು ಬೇಕು ಅಂತಲೂ ಬರೆದೆ.

ಪುಟ್ಟ: ನಾನು ಒಂದು.

ಭಾವ: ಸೊಂಟ ನೋವು. ಎಲೆ ತರೋದು ನನ್ನ ಜವಾಬ್ದಾರಿ.

ಚಿಕ್ಕಮ್ಮ: ಸೊಂಟ ನೋವಿರೋರು ನಿಂತು ಒರೆಸಬಹುದು.

ದೊಡ್ಡಪ್ಪ: ಪೇಪರ್ ಎಲೆಗೆ ಅಡ್ವಾನ್ಸ್ ಕೊಟ್ಟಾಗಿದೆಯಲ್ಲ?

ಪುಟ್ಟ: ವಾಪಸ್ ಕೇಳ್ತೀನಿ, ನಂಬರ್ ಕಳಿಸಿ.

ಅತ್ತೆ: ತಾಂಬೂಲದ ಚೀಲ ನನ್ನ ಹಳೇ ಸೀರೇಲಿ ಹೊಲಿಸ್ತೀನಿ. ಅಂಚು ಜರಿನೋ ಅಲ್ವೋ ಅಂತ ಆಗ ಎಲ್ಲರೂ ನೋಡಲಿ.

ನೀರಿನ ವಿಷಯ ಮಾತ್ರ ಬಗೆಹರಿದಿಲ್ಲ. ಕ್ಯಾನ್ ನೀರು, ಜಗ್ಗು, ಲೋಟ ಸಾಕು ಅಂತ ನಾನು. ವಯಸ್ಸಾದವರಿಗಾದರೂ ಬಾಟ್ಲಿ ಬೇಕು, ಹೊಟ್ಟೆ ಕೆಟ್ಟರೆ ಯಾರು ಹೊಣೆ ಅಂತ ಮಾವ. ಮನೆಯಲ್ಲೇ ಕುದಿಸಿ ಆರಿಸಿದ ನೀರನ್ನು ಅವರ ಪಂಕ್ತಿಗೆ ನಾನೇ ಬಡಿಸ್ತೀನಿ ಅಂತ ಬರೆದಿದ್ದೇನೆ. ಭಾನುವಾರ ಅವರ ಮನೆಗೇ ಹೋಗಿ ಮಾತಾಡುತ್ತೇನೆ.