ಅಪ್‌ಡೇಟ್: ವಸಡಿನ ರೋಗವಿದ್ದ ನನಗೆ ಕೊನೆಗೂ ಇಂಪ್ಲಾಂಟ್

ವಸಡಿನ ರೋಗವಿರುವವರಿಗೆ ಇಂಪ್ಲಾಂಟ್ (ದವಡೆಯ ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಕಟ್ಟುವ ಕೃತಕ ಹಲ್ಲು) ಹಾಕಬಹುದೇ ಎಂದು 90 ದಿನಗಳ ಹಿಂದೆ ಕೇಳಿದ್ದೆ. ಕಳೆದ ವಾರ ಕೆಳದವಡೆಗೆ ಸ್ಕ್ರೂ ಕೂರಿಸಿದರು. ಮೊದಲು ವಸಡು ವಾಸಿಯಾಗಲಿ ಎಂದವರ ಸಲಹೆಯೇ ಫಲಿಸಿತು, ಅವರಿಗೆ ಕೃತಜ್ಞತೆಗಳು. ಬೇರಿನವರೆಗೆ ಕ್ಲೀನಿಂಗ್ ಮಾಡಿ, 8 ವಾರ ಕಾದು, ಮಿಲಿಮೀಟರ್ ಗುರುತುಗಳಿರುವ ಸಣ್ಣ ಕಡ್ಡಿಯಿಂದ ಪ್ರತಿ ಹಲ್ಲಿನ ಸುತ್ತ ಅಳೆದಾಗ, ವಸಡು ಮತ್ತು ಹಲ್ಲಿನ ನಡುವೆ 6 ಮಿ.ಮೀ. ಆಳವಿದ್ದ ಸಂದುಗಳು 3ಕ್ಕೆ ಇಳಿದಿದ್ದವು, ರಕ್ತವೂ ಒಸರಲಿಲ್ಲ. ಮೌತ್‌ವಾಶ್ ಒಂದನ್ನೇ ನಂಬಿದ್ದ ಮೊದಲ ಎರಡು ವಾರ ವ್ಯರ್ಥವಾದವು. ವಸಡಿನಡಿ ಗಟ್ಟಿಯಾಗಿ ಅಂಟಿದ ಪಾಚಿಯನ್ನು ಅದು ತೆಗೆಯುವುದಿಲ್ಲ. ಅಚ್ಚರಿಯ ಸಂಗತಿಯೆಂದರೆ, ಇಂಪ್ಲಾಂಟ್‌ಗೆ ಹುಳುಕು ಹಿಡಿಯದಿದ್ದರೂ ಅದರ ಸುತ್ತಲಿನ ವಸಡಿಗೆ ಸೋಂಕು ತಗುಲಿ ಮೂಳೆ ಸವೆಯಬಹುದು, ನಮ್ಮಂಥವರಿಗೆ ಆ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಪ್ರತಿ ರಾತ್ರಿ ಹಲ್ಲುಸಂದಿಗಳಲ್ಲಿ ಸಣ್ಣ ಬ್ರಷ್ ಆಡಿಸಿ, ಅದರ ಎಳೆಗಳಲ್ಲಿ ಕೆಂಪು ಕಾಣುತ್ತದೆಯೇ ಎಂದು ದೀಪಕ್ಕೆ ಹಿಡಿದು ನೋಡುತ್ತೇನೆ. ಮೂಳೆ ಬೆಸೆದುಕೊಂಡ ಮೇಲೆ, ಸುಮಾರು 3 ತಿಂಗಳಿಗೆ, ಕ್ಯಾಪ್ ಹಾಕುತ್ತಾರೆ.