ಗೋಕರ್ಣದಲ್ಲಿ ನಾಲ್ಕು ದಿನ ಸುಮ್ನೆ ಇರಬೇಕು, ಎಲ್ಲಿ ಉಳಿದರೆ ಒಳ್ಳೇದು?

ಬೆಂಗಳೂರಿನ ಅಮ್ಮ

ನಮಸ್ಕಾರ. ಜನವರಿಯಲ್ಲಿ ಗೋಕರ್ಣಕ್ಕೆ ಹೋಗೋಣ ಅಂತಿದ್ದೇವೆ. ನಾನು, ನಮ್ಮ ಯಜಮಾನರು, ಆರು ವರ್ಷದ ಮಗಳು ಮತ್ತು ನಮ್ಮ ಅತ್ತೆ. ಅತ್ತೆಗೆ 68 ವರ್ಷ, ಮಂಡಿ ನೋವಿದೆ. ಸಮತಟ್ಟಾದ ಜಾಗದಲ್ಲಿ ಆರಾಮಾಗಿ ನಡೆಯುತ್ತಾರೆ, ಮೆಟ್ಟಿಲು ಮಾತ್ರ ಆಗುವುದಿಲ್ಲ.

ಯಾರನ್ನು ಕೇಳಿದರೂ ಒಂದು ದೊಡ್ಡ ಪಟ್ಟಿ ಕೊಡುತ್ತಾರೆ. ಮುರುಡೇಶ್ವರ, ಯಾಣ, ಜೋಗ, ದಾಂಡೇಲಿ, ಎಲ್ಲವನ್ನೂ ಮೂರು ದಿನಕ್ಕೆ ತುರುಕಿ! ನಮಗೆ ಅದು ಬೇಡ. ಇಬ್ಬರೂ ಕೆಲಸದಲ್ಲಿ ಬಸವಳಿದಿದ್ದೇವೆ. ಬೆಳಗ್ಗೆ ಅಲಾರಂ ಇಲ್ಲದೆ ಏಳಬೇಕು, ಮಗು ಮರಳಲ್ಲಿ ಆಡಬೇಕು, ಸಂಜೆ ಸೂರ್ಯ ಮುಳುಗುವುದನ್ನು ನೋಡಬೇಕು, ಅತ್ತೆಗೆ ಮಹಾಬಲೇಶ್ವರನ ದರ್ಶನ ಆಗಬೇಕು, ಅಷ್ಟೇ. ಯಾವ ಬೀಚ್ ಹತ್ತಿರ ಉಳಿಯಬೇಕು? ನೀರು ಮಗುವಿಗೆ ಸುರಕ್ಷಿತವಾ? ಕಾರಲ್ಲಿ ಹೋಗೋದಾ, ರೈಲಲ್ಲಾ?

ಕುಮಟೆಯವಳು

ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಇಲ್ಲಿಗೆ ಬರುವವರಲ್ಲಿ ಎಷ್ಟೋ ಜನ ಗಾಡಿಯಲ್ಲೇ ಅರ್ಧ ರಜೆ ಕಳೆದು, ಸುಸ್ತಾಗಿ ವಾಪಸ್ ಹೋಗುತ್ತಾರೆ.

ಮೊದಲು ತಾರೀಕು ನೋಡಿಕೊಳ್ಳಿ. ಸಂಕ್ರಾಂತಿ ಮತ್ತು ಜನವರಿ 26ರ ಸುತ್ತಮುತ್ತ ವಾರಾಂತ್ಯ ಸೇರಿಕೊಂಡರೆ ಊರೊಳಗೆ ಗಾಡಿ ನಿಲ್ಲಿಸಲೂ ಜಾಗ ಇರುವುದಿಲ್ಲ. ಭಾನುವಾರ ಬಂದು ಗುರುವಾರ ಹೊರಡುವ ಹಾಗೆ ಮಾಡಿಕೊಂಡರೆ ಅದೇ ಊರು ಬೇರೆಯೇ ಊರು ಅನ್ನಿಸುತ್ತದೆ. ಹವೆಯ ಚಿಂತೆ ಬೇಡ, ಜನವರಿಯಲ್ಲಿ ಮಳೆ ಇರುವುದಿಲ್ಲ, ಬೆಳಗ್ಗೆ ಸ್ವಲ್ಪ ತಂಪು ಕೂಡ ಇರುತ್ತದೆ. ಮಾರ್ಚ್ ದಾಟಿದರೆ ಸೆಕೆ ತಡೆಯಲು ಆಗುವುದಿಲ್ಲ.

ಈಗ ಬೀಚ್. ಓಂ ಬೀಚ್‌ಗೆ ರಸ್ತೆ ಇದೆ ನಿಜ, ಆದರೆ ಅದು ಮೇಲೆ ಗುಡ್ಡದ ತನಕ ಮಾತ್ರ. ಅಲ್ಲಿಂದ ಮೆಟ್ಟಿಲು ಇಳಿಯಬೇಕು, ಮತ್ತೆ ಹತ್ತಬೇಕು. ಕುಡ್ಲೆಯೂ ಹಾಗೇ. ಚಿರೆಕಲ್ಲಿನ ಗುಡ್ಡದಿಂದ ಕೆಳಗೆ ಇಳಿದೇ ಹೋಗಬೇಕು. ಹಾಫ್ ಮೂನ್ ಮತ್ತು ಪ್ಯಾರಡೈಸ್‌ಗೆ ರಸ್ತೆಯೇ ಇಲ್ಲ, ಗುಡ್ಡದ ಕಾಲುದಾರಿ ಅಥವಾ ದೋಣಿ. ದೋಣಿ ಸುಲಭ ಅಂದುಕೊಳ್ಳಬೇಡಿ, ಹತ್ತುವಾಗ ಇಳಿಯುವಾಗ ಮೊಣಕಾಲುದ್ದ ನೀರಲ್ಲಿ ನಿಂತು ಕಾಲು ಎತ್ತಿ ಹಾಕಬೇಕು. ಮಂಡಿ ನೋವಿದ್ದವರಿಗೆ ಅದು ಮೆಟ್ಟಿಲಿಗಿಂತ ಕಷ್ಟ.

ಹಾಗಾಗಿ ನನ್ನ ಮಾತು ಕೇಳಿದರೆ ಊರಿನ ದೊಡ್ಡ ಬೀಚ್ ಹತ್ತಿರವೇ ಉಳಿಯಿರಿ. ಜನ ಅದನ್ನು ಜಾಸ್ತಿ ಹೊಗಳುವುದಿಲ್ಲ, ಯಾತ್ರಿಕರ ಗದ್ದಲ ಅಂತಾರೆ. ಗದ್ದಲ ಇರುವುದು ದೇವಸ್ಥಾನದ ಎದುರಿನ ಸ್ವಲ್ಪ ಭಾಗದಲ್ಲಿ. ಅಲ್ಲಿಂದ ಉತ್ತರಕ್ಕೆ, ಗಂಗಾವಳಿ ನದಿ ಸಮುದ್ರ ಸೇರುವ ಅಳಿವೆಯ ಕಡೆಗೆ ನಡೆಯುತ್ತಾ ಹೋದರೆ ಜನ ಕಡಿಮೆಯಾಗುತ್ತಾ ಬರುತ್ತಾರೆ, ಉದ್ದಕ್ಕೂ ಮರಳು, ತೆಂಗಿನ ತೋಟ, ಮೀನುಗಾರರ ದೋಣಿಗಳು. ಆ ಕಡೆ ಹೋಂಸ್ಟೇಗಳಿವೆ, ಗೇಟಿಂದ ನೇರ ಮರಳಿಗೆ ಇಳಿಯಬಹುದು. ಅತ್ತೆಯವರು ಯಾರ ಕೈಯನ್ನೂ ಹಿಡಿಯದೆ ತಾವೇ ಸಮುದ್ರದ ತನಕ ಹೋಗಿ ಬರಬಹುದು. ಅದು ದೊಡ್ಡ ವಿಷಯ ಅಲ್ವಾ? ವಯಸ್ಸಾದವರು ಪ್ರವಾಸದಲ್ಲಿ ಮುದುಡಿ ಕೂರುವುದು ನೋವಿಗಿಂತ ಹೆಚ್ಚಾಗಿ ಬೇರೆಯವರಿಗೆ ತೊಂದರೆ ಆಗುತ್ತದೆ ಅನ್ನುವ ಸಂಕೋಚಕ್ಕೆ.

ನೀವಿಬ್ಬರೂ ಮಗುವನ್ನು ಕರೆದುಕೊಂಡು ಒಂದು ಸಂಜೆ ಕುಡ್ಲೆಗೆ ಹೋಗಿ ಬನ್ನಿ, ಆಟೋ ಸಿಗುತ್ತದೆ.

ರೈಲು ಪ್ರಯಾಣಿಕ

ರೈಲೇ ವಾಸಿ. ಪಂಚಗಂಗಾ ಎಕ್ಸ್‌ಪ್ರೆಸ್ ಬೆಂಗಳೂರಿಂದ ಸಂಜೆ ಹೊರಟು ಬೆಳಗ್ಗೆ ಗೋಕರ್ಣ ರೋಡ್ ತಲುಪುತ್ತದೆ. ನಿಲ್ದಾಣದಿಂದ ಊರು ಸುಮಾರು 10 ಕಿಲೋಮೀಟರ್, ಆಟೋ ಇರುತ್ತವೆ, ಹತ್ತುವ ಮೊದಲೇ ದರ ಮಾತಾಡಿಕೊಳ್ಳಿ. ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ, ಈ ಗಾಡಿ ಬೇಗ ತುಂಬುತ್ತದೆ, ಅದೇ ದಿನ ಬೆಳಗ್ಗೆ ಕೂತು ಮಾಡಿ.

ಇನ್ನೊಂದು ಮುಖ್ಯ ವಿಷಯ. ನಾಲ್ಕೂ ಜನರ ಟಿಕೆಟ್ ಒಟ್ಟಿಗೆ ತೆಗೆದರೆ ಅತ್ತೆಯವರಿಗೆ ಹಿರಿಯರ ಲೋವರ್ ಬರ್ತ್ ಕೋಟಾ ಸಿಗುವುದಿಲ್ಲ. ಒಂಟಿಯಾಗಿ ಅಥವಾ ಇಬ್ಬರು ಹಿರಿಯರು ಒಂದೇ ಟಿಕೆಟ್‌ನಲ್ಲಿ ಹೋಗುವಾಗ ಮಾತ್ರ ಅದು. ಅವರ ಟಿಕೆಟ್ ಬೇರೆ ತೆಗೆಯಿರಿ. ಬೋಗಿ ಬೇರೆ ಬಂದರೂ ನಿಮ್ಮಲ್ಲಿ ಒಬ್ಬರು ಯಾರ ಜೊತೆಗಾದರೂ ಬರ್ತ್ ಬದಲಾಯಿಸಿಕೊಂಡು ಅವರ ಹತ್ತಿರ ಬರಬಹುದು, ಆದರೆ ಮೇಲಿನ ಬರ್ತ್ ಬಂದರೆ ಅವರಿಗೆ ರಾತ್ರಿಯಿಡೀ ಕಷ್ಟ.

ವಾಪಸ್ ಗಾಡಿಯೂ ಸಂಜೆಯೇ. ಅಂದರೆ ಕೊನೆಯ ದಿನ ಮಧ್ಯಾಹ್ನ ರೂಮು ಬಿಟ್ಟ ಮೇಲೆ ಎಲ್ಲಿರುವುದು ಅನ್ನುವುದನ್ನು ಮೊದಲೇ ಕೇಳಿಕೊಳ್ಳಿ. ಅರ್ಧ ದಿನದ ಬಾಡಿಗೆ ಕೊಟ್ಟು ರೂಮು ಇಟ್ಟುಕೊಂಡರೂ ನಷ್ಟವಿಲ್ಲ.

ಹೊನ್ನಾವರ ಹುಡುಗ

ನಾನು ಒಪ್ಪುವುದಿಲ್ಲ. ಹಿರಿಯರು ಮತ್ತು ಮಗು ಇದ್ದರೆ ಗೋಕರ್ಣ ಯಾಕೆ? ಹೊನ್ನಾವರದ ಹತ್ತಿರ ಕಾಸರಕೋಡು ಬೀಚ್ ನೋಡಿ. 2020ರಲ್ಲಿ ಪಡುಬಿದ್ರಿ ಜೊತೆಗೆ ಅದಕ್ಕೂ ಬ್ಲೂ ಫ್ಲ್ಯಾಗ್ ಸಿಕ್ಕಿತು, ಅಂದರೆ ಚೊಕ್ಕ, ಸುರಕ್ಷಿತ ಬೀಚ್‌ಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ. ಚೊಕ್ಕ ಶೌಚಾಲಯ, ಮಕ್ಕಳಿಗೆ ಆಟದ ಜಾಗ, ನಡೆಯಲು ಸಮತಟ್ಟಾದ ದಾರಿ. ಪಕ್ಕದಲ್ಲೇ ಶರಾವತಿ, ಹಿನ್ನೀರಲ್ಲಿ ದೋಣಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಸೇತುವೆ ಹಾಕಿದ್ದಾರೆ, ಆರಾಮಾಗಿ ನಡೆಯಬಹುದು. ಗೋಕರ್ಣದಲ್ಲಿ ಬೀಚ್ ಮೇಲೆ ಒಳ್ಳೆ ಶೌಚಾಲಯ ಹುಡುಕುವುದೇ ಒಂದು ಕೆಲಸ.

ಕುಮಟೆಯವಳು

ಶೌಚಾಲಯದ ಮಾತು ಪೂರ್ತಿ ಒಪ್ಪಿದೆ ತಮ್ಮಾ. ಅದಕ್ಕೇ ರೂಮು ಬೀಚಿಗೆ ಅಂಟಿಕೊಂಡಿರಲಿ ಅನ್ನುವುದು. ಆದರೆ ಅವರಿಗೆ ಮಹಾಬಲೇಶ್ವರನೂ ಬೇಕು, ಸಮುದ್ರವೂ ಬೇಕು, ಎರಡೂ ನಡೆದು ಹೋಗುವಷ್ಟು ಹತ್ತಿರ ಇಲ್ಲಿದೆ. ದರ್ಶನಕ್ಕೆಂದೇ ಕಾರು ಮಾಡಿಕೊಂಡು ಬರಬೇಕಾದರೆ ಒಂದು ದಿನ ಅದಕ್ಕೇ ಹೋಯಿತು. ಕಾಸರಕೋಡಿಗೆ ಬೇಕಾದರೆ ಒಂದು ಹೊತ್ತು ಹೋಗಿ ಬರಲಿ.

ಈಜುಗಾರ

ನೀರಿನ ಬಗ್ಗೆ ಯಾರೂ ಹೇಳಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಜನವರಿಯಲ್ಲಿ ನಮ್ಮ ಕಡಲು ಶಾಂತ. ಜೂನ್‌ನಿಂದ ಸೆಪ್ಟೆಂಬರ್ ತನಕ ಇರುವ ಅಬ್ಬರ ಇರುವುದಿಲ್ಲ. ಆದರೂ ಸೆಳೆತ ಯಾವ ಕಾಲದಲ್ಲೂ ಇರಬಹುದು. ದಡಕ್ಕೆ ಬಂದು ಬಡಿದ ನೀರು ವಾಪಸ್ ಹೋಗಲು ಒಂದು ದಾರಿ ಹುಡುಕುತ್ತದೆ, ಮರಳು ಎಲ್ಲಿ ತಗ್ಗಾಗಿದೆಯೋ ಅಲ್ಲಿಂದ ಜೋರಾಗಿ ಹೊರಗೆ ಹರಿಯುತ್ತದೆ. ಅಪಾಯ ಏನೆಂದರೆ ಆ ಜಾಗದಲ್ಲಿ ತೆರೆ ಒಡೆಯುವುದಿಲ್ಲ, ಎರಡೂ ಕಡೆ ಬಿಳಿ ನೊರೆ ಇದ್ದು ನಡುವೆ ಮಾತ್ರ ನಯವಾಗಿ ಕಾಣುತ್ತದೆ. ಇಲ್ಲಿ ಶಾಂತವಾಗಿದೆ ಅಂತ ಜನ ಮಗುವನ್ನು ಅಲ್ಲೇ ಇಳಿಸುತ್ತಾರೆ. ಅಲ್ಲಿ ಇಳಿಯಬೇಡಿ. ದೊಡ್ಡವರು ಸಿಕ್ಕಿಹಾಕಿಕೊಂಡರೆ ದಡದ ಕಡೆಗೆ ನೇರ ಈಜಿ ದಣಿಯಬಾರದು, ತೇಲುತ್ತಾ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು, ಸೆಳೆತ ದಾಟಿದ ಮೇಲೆ ದಡಕ್ಕೆ ಬರಬೇಕು. ಕೈ ಎತ್ತಿ ಕೂಗಿ ಸಹಾಯ ಕೇಳಿ.

ಆರು ವರ್ಷದ ಮಗುವಿಗೆ ಅದರ ಮೊಣಕಾಲಿನ ಮಟ್ಟದ ನೀರು ಸಾಕು, ಒಬ್ಬರು ಕೈಗೆಟುಕುವ ದೂರದಲ್ಲೇ ಇರಬೇಕು. ಗಾಳಿ ತುಂಬಿದ ಟ್ಯೂಬ್ ನಂಬಬೇಡಿ, ಬೆಳಗಿನ ಹೊತ್ತು ಗಾಳಿ ದಡದಿಂದ ಕಡಲಿಗೆ ಬೀಸಿದರೆ ಅದು ಮಗುವನ್ನು ಹೊರಗೆ ಒಯ್ಯುತ್ತದೆ. ಅಳಿವೆಯ ಹತ್ತಿರ ಈಜಲೇಬೇಡಿ, ನದಿ ಮತ್ತು ಇಳಿತದ ನೀರು ಎರಡೂ ಸೇರಿ ಎಳೆಯುತ್ತವೆ. ಓಂ ಬೀಚಿನ ಬಂಡೆಗಳ ಮೇಲೆ ಫೋಟೋಗೆ ಹತ್ತಬೇಡಿ, ಪಾಚಿ ಕಟ್ಟಿ ಜಾರುತ್ತವೆ. ಲೈಫ್‌ಗಾರ್ಡ್ ಸೀಟಿ ಊದಿದರೆ ತಕ್ಷಣ ಹೊರಗೆ ಬನ್ನಿ, ವಾದ ಮಾಡಬೇಡಿ.

ಬೆಂಗಳೂರಿನ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೆಳೆತದ ವಿಷಯ ಯಜಮಾನರಿಗೂ ಓದಿ ಹೇಳಿದೆ. ಊರಿನ ಬೀಚಿನ ಉತ್ತರ ಭಾಗದಲ್ಲೇ ಉಳಿಯುತ್ತೇವೆ, ರೈಲಲ್ಲೇ ಬರುತ್ತೇವೆ. ಇನ್ನು ಎರಡು ಪ್ರಶ್ನೆ. ಅತ್ತೆ ಶುದ್ಧ ಸಸ್ಯಾಹಾರಿ, ನಮಗೆ ಮೀನು ಬೇಕು, ಹೇಗೆ ಮಾಡುವುದು? ದರ್ಶನಕ್ಕೆ ಯಾವ ಹೊತ್ತು ಒಳ್ಳೇದು?

ಕುಮಟೆಯವಳು

ಊಟಕ್ಕೆ ತೊಂದರೆ ಇಲ್ಲ. ರಥಬೀದಿಯ ಸುತ್ತ ಸಸ್ಯಾಹಾರಿ ಹೋಟೆಲುಗಳಿವೆ. ಹೋಂಸ್ಟೇ ನಡೆಸುವವರು ಹವ್ಯಕರಾದರೆ ತಂಬುಳಿ, ಅಪ್ಪೆಹುಳಿ ಮಾಡಿಕೊಡುತ್ತೀರಾ ಅಂತ ಮುಂಚೆಯೇ ಕೇಳಿ, ಅತ್ತೆಯವರಿಗೆ ಖಂಡಿತ ಹಿಡಿಸುತ್ತದೆ. ಮುರುಗಲು (ಕೋಕಂ) ಪಾನಕ ಕುಡಿಯದೆ ಹೋಗಬೇಡಿ. ಮೀನಿಗೆ ಊರ ಬೀದಿ ಬಿಟ್ಟು ಸ್ವಲ್ಪ ಆಚೆ ಬರಬೇಕು, ಮಧ್ಯಾಹ್ನದ ಮೀನೂಟ ಕೇಳಿ. ಆವತ್ತು ಯಾವುದು ಬಂದಿದೆ ಅಂತ ಕೇಳಿ ತಿನ್ನಿ, ಬಂಗಡೆ ತಾಜಾ ಇದ್ದರೆ ದುಬಾರಿ ಮೀನು ಬೇಕಾಗಿಲ್ಲ.

ದರ್ಶನಕ್ಕೆ ಬೆಳಗ್ಗೆ ಬೇಗ ಹೋಗಿ, ಸೋಮವಾರ ಬಿಡಿ, ಜನ ಜಾಸ್ತಿ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಗಂಡಸರು ಅಂಗಿ ತೆಗೆದು ಪಂಚೆ ಉಡಬೇಕು, ಮನೆಯಿಂದಲೇ ಒಂದು ಪಂಚೆ ತನ್ನಿ. ಮೊದಲು ಗಣಪತಿ ಗುಡಿಗೆ ಹೋಗುವ ಪದ್ಧತಿ ಇದೆ. ರಾವಣನ ಕೈಯಿಂದ ಆತ್ಮಲಿಂಗ ಇಳಿಸಿದ್ದು ಅವನೇ ಅಲ್ವಾ, ಮಗುವಿಗೆ ಆ ಕಥೆ ಅಲ್ಲೇ ಹೇಳಿ, ಕಣ್ಣರಳಿಸಿ ಕೇಳುತ್ತದೆ.

ಎಲ್ಲಾದರೂ ಹೋಗಲೇಬೇಕು ಅನ್ನಿಸಿದರೆ ಮಿರ್ಜಾನ್ ಕೋಟೆ ಒಂದೇ ಸಾಕು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕೋಟೆ, ಹತ್ತಿರವೇ. ಹುಲ್ಲಿನ ಮೇಲೆ ಮಗು ಓಡಾಡುತ್ತದೆ, ಅತ್ತೆ ಬಾಗಿಲ ಹತ್ತಿರ ನೆರಳಲ್ಲಿ ಕೂರಬಹುದು. ಯಾಣ ಈ ಸಲ ಬೇಡ, ಮೆಟ್ಟಿಲು ತುಂಬಾ.

ರೂಮು ಬುಕ್ ಮಾಡುವಾಗ ಫೋನಲ್ಲಿ ಇಷ್ಟು ಕೇಳಿ: ನೆಲಮಹಡಿಯೇ ಕೊಡುತ್ತೀರಾ, ಕಮೋಡ್ ಇದೆಯಾ, ಬಚ್ಚಲಿಗೆ ಮೆಟ್ಟಿಲು ಇದೆಯಾ, ರಾತ್ರಿ ಪಕ್ಕದಲ್ಲಿ ಹಾಡಿನ ಗದ್ದಲ ಇರುತ್ತದಾ. ಬಚ್ಚಲಿನ ಫೋಟೋ ಕಳಿಸಿ ಅಂತ ಸಂಕೋಚ ಇಲ್ಲದೆ ಕೇಳಿ, ಒಳ್ಳೆಯವರು ಕಳಿಸುತ್ತಾರೆ.