ಜಂಕ್ಷನ್‌ನಲ್ಲಿ ಕರೆಂಟ್ ಹೇಗೆ ಹಂಚಿಹೋಗುತ್ತದೆ?

ಪ್ರಶ್ನೆ – ಸೆಕೆಂಡ್ ಪಿಯುಸಿ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಕಿರ್ಚಾಫ್ ನಿಯಮದ (ತಂತಿಗಳು ಸೇರುವ ಜಂಕ್ಷನ್‌ಗೆ ಬಂದಷ್ಟೇ ಕರೆಂಟ್ ಹೊರಗೆ ಹೋಗುತ್ತದೆ ಅನ್ನೋದು) ಲೆಕ್ಕ ಮಾಡೋಕೆ ಬರುತ್ತದೆ, ಆದರೆ ವಿಷಯ ತಲೆಗೆ ಹತ್ತುತ್ತಿಲ್ಲ. 12 ವೋಲ್ಟ್ ಬ್ಯಾಟರಿಗೆ 4 ಓಮ್ ಮತ್ತು 12 ಓಮ್ ರೆಸಿಸ್ಟರ್ ಪ್ಯಾರಲಲ್ ಆಗಿ (ಅಕ್ಕಪಕ್ಕ ಎರಡು ದಾರಿಯಂತೆ) ಹಾಕಿದರೆ ಒಂದರಲ್ಲಿ 3 ಆಂಪಿಯರ್, ಇನ್ನೊಂದರಲ್ಲಿ 1. ಕರೆಂಟ್ ಸುಲಭದ ದಾರಿ ಹಿಡಿಯುತ್ತದೆ ಅಂತಾರೆ, ಹಾಗಿದ್ದರೆ ಪೂರ್ತಿ 4 ಓಮ್ ಕಡೆಗೇ ಹೋಗಬೇಕಲ್ವಾ? ಮುಂದೆ ಎಷ್ಟು ಓಮ್ ಇದೆ ಅಂತ ಜಂಕ್ಷನ್‌ಗೆ ಬಂದ ಎಲೆಕ್ಟ್ರಾನ್‌ಗೆ ಹೇಗೆ ಗೊತ್ತಾಗುತ್ತದೆ?

ಉತ್ತರ 1 – ಮೂಡಿಗೆರೆ

ತುಂಬಾ ಒಳ್ಳೆಯ ಪ್ರಶ್ನೆ ಕಣಮ್ಮಾ. ‘ಸುಲಭದ ದಾರಿ’ ಅನ್ನೋ ಮಾತನ್ನು ಮೊದಲು ಬಿಟ್ಟುಬಿಡು. ಎಲ್ಲಾ ದಾರಿಯಲ್ಲೂ ಹೋಗುತ್ತದೆ, ಸುಲಭದ ಕಡೆ ಜಾಸ್ತಿ, ಅಷ್ಟೇ. ಕಾಫಿ ಹೂವಿಗೆ ನೀರು ಕೊಡುವಾಗ ಸ್ಪ್ರಿಂಕ್ಲರ್ ಪೈಪಿನ ಟೀ ಜಾಯಿಂಟ್ ನೋಡಿದ್ದೀಯಲ್ಲಾ? ಒಂದು ಕಡೆ ದಪ್ಪ ಪೈಪು, ಇನ್ನೊಂದು ಕಡೆ ಸಣ್ಣದು ಇದ್ದರೂ ಎರಡರಲ್ಲೂ ನೀರು ಬರುತ್ತದೆ. ಟೀ ಒಳಗೆ ನೀರು ಶೇಖರಣೆ ಆಗೋಕೆ ಜಾಗವೇ ಇಲ್ಲ, ಬಂದಷ್ಟೂ ಹೋಗಲೇಬೇಕು.

ಈಗ ಎಲೆಕ್ಟ್ರಾನ್ ವಿಷಯ. ತಂತಿ ಖಾಲಿ ಕೊಳವೆ ಅಲ್ಲ, ಮೊದಲೇ ಎಲೆಕ್ಟ್ರಾನ್ ತುಂಬಿಕೊಂಡಿರುತ್ತದೆ. ಸ್ವಿಚ್ ಹಾಕಿದ ಕ್ಷಣ 12 ಓಮ್ ಕಡೆ ಬೇಕಾದ್ದಕ್ಕಿಂತ ಜಾಸ್ತಿ ನುಗ್ಗಿತು ಅಂದುಕೋ, ಆಗ ಅಲ್ಲಿ ಒಂಚೂರು ಚಾರ್ಜ್ ಸೇರಿ ಹಿಂದೆ ಬರುವುದನ್ನು ತಳ್ಳುತ್ತದೆ, ಅದು ಇನ್ನೊಂದು ಕಡೆಗೆ ತಿರುಗುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಎಲ್ಲಾ ಹೊಂದಿಕೊಂಡುಬಿಡುತ್ತದೆ. ಆಮೇಲೆ ಎರಡೂ ರೆಸಿಸ್ಟರ್ ಮೇಲೆ ಅದೇ 12 ವೋಲ್ಟ್. ಯಾವ ಎಲೆಕ್ಟ್ರಾನೂ ಮುಂದೆ ಇಣುಕಿ ನೋಡಬೇಕಾಗಿಲ್ಲ. 1845ರಲ್ಲಿ ಈ ನಿಯಮ ಹೇಳಿದಾಗ ಕಿರ್ಚಾಫ್ ಇನ್ನೂ ಓದುತ್ತಿದ್ದ ಹುಡುಗ. ಎಲೆಕ್ಟ್ರಾನ್ ಪತ್ತೆಯಾಗಿದ್ದು 1897ರಲ್ಲಿ!

ಉತ್ತರ 2 – ಹಾಸನ, ವೈರಿಂಗ್ ಕೆಲಸ

ನಾನು ಇದನ್ನು ದಿನಾ ಕ್ಲ್ಯಾಂಪ್ ಮೀಟರಿನಲ್ಲಿ (ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ನೋಡುತ್ತೇನೆ. 230 ವೋಲ್ಟ್‌ನಲ್ಲಿ 2000 ವ್ಯಾಟ್ ಗೀಸರ್ ವೈರಿಗೆ ಹಾಕಿದರೆ ಸುಮಾರು 8.7 ಆಂಪಿಯರ್, 1000 ವ್ಯಾಟ್ ಇಸ್ತ್ರಿ ಪೆಟ್ಟಿಗೆಗೆ 4.3. ಬೇರೇನೂ ಆನ್ ಇಲ್ಲದಿದ್ದರೆ ಮೇನ್ ಫೇಸ್ ವೈರಿನಲ್ಲಿ ಸರಿಯಾಗಿ 13. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕ್ಲ್ಯಾಂಪ್ ಒಳಗೆ ಹಿಡಿದರೆ ಸೊನ್ನೆ, ಯಾಕೆಂದರೆ ಹೋದಷ್ಟೇ ವಾಪಸ್ ಬರುತ್ತಿದೆ. ಗೀಸರ್ ಬಾಡಿಗೆ ಕರೆಂಟ್ ಬಂದು ಯಾರಾದರೂ ಮುಟ್ಟಿದರೆ ಸ್ವಲ್ಪ ಮೈಮೂಲಕ ನೆಲಕ್ಕೆ ಹೋಗುತ್ತದೆ, ವಾಪಸ್ ಬರುವುದು ಅಷ್ಟು ಕಮ್ಮಿಯಾಗುತ್ತದೆ. ಆ ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವುದರೊಳಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಬೀಳುತ್ತದೆ. ನಿಮ್ಮ ಪುಸ್ತಕದ ನಿಯಮವೇ ಜೀವ ಉಳಿಸುತ್ತಿದೆ. ದಯವಿಟ್ಟು ಮನೆಯಲ್ಲಿ ಅದು ಇದೆಯಾ ನೋಡಿ.

ಪ್ರಶ್ನೆ ಕೇಳಿದವಳು

ಇಬ್ಬರಿಗೂ ಥ್ಯಾಂಕ್ಸ್, ಟೀ ಜಾಯಿಂಟ್ ಓದಿದ ಮೇಲೆ ಅರ್ಥವಾಯಿತು. ಒಂದು ಲೆಕ್ಕದಲ್ಲಿ ಮೈನಸ್ 2 ಆಂಪಿಯರ್ ಬರುತ್ತಿದೆ, ತಪ್ಪಾ ಅಣ್ಣಾ?

ಉತ್ತರ 1

ತಪ್ಪಲ್ಲ. ನೀನು ಬಾಣ ಹಾಕಿದ ದಿಕ್ಕು ಉಲ್ಟಾ ಅಂತ ಅರ್ಥ. 2 ಹಾಗೇ ಇರಲಿ, ಬಾಣ ಮಾತ್ರ ತಿರುಗಿಸು.